ಮೂರು ಚಮಚ ರಾಗಿ ಸರಿ

ಬೆಳಿಗ್ಗೆ ಏಳು ಮುಕ್ಕಾಲು. ಮಗ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾನೆ. ಅವನ ತಲೆಗೂದಲಲ್ಲಿ, ಕಿವಿಯಲ್ಲಿ, ನನ್ನ ಪಂಚೆ ಮೇಲೆ, ಗ್ಯಾಸ್ ಸಿಲಿಂಡರ್ ಮೇಲೆ, ನಿನ್ನೆ ತಾನೇ ಒರೆಸಿದ್ದ ಫ್ರಿಡ್ಜ್ ಬಾಗಿಲ ಮೇಲೆ ಕೂಡ ರಾಗಿ ಸರಿ. ಬಾಯೊಳಗೆ ಹೋಗಿದ್ದು ಮೂರು ಚಮಚ. ಎಣಿಸಿದ್ದೇನೆ.

ಅವನಿಗೆ ಒಂದೂವರೆ ವರ್ಷ. ಅಕ್ಕನಿಗೆ ನಾಲ್ಕೂವರೆ. ಹೆಂಡತಿ ಎಂಟಕ್ಕೆ ಆಫೀಸಿನ ಕ್ಯಾಬ್ ಹತ್ತಬೇಕು. ನನಗೆ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ, ಹಾಗಾಗಿ ಆ ಮೂರು ದಿನ ತಿನ್ನಿಸುವ ಡ್ಯೂಟಿ ನನ್ನದು. ಇದು ಅವಳ ಹೆರಿಗೆ ರಜೆ ಮುಗಿದ ದಿನದಿಂದ ಶುರುವಾಗಿದ್ದು. 2017ರಲ್ಲಿ ಕಾನೂನು ತಿದ್ದಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರಲ್ಲ, ಅದು ಹೆಚ್ಚುಕಡಿಮೆ ಆರು ತಿಂಗಳು. ಮಗುವಿಗೆ ಎದೆಹಾಲಿನ ಜೊತೆಗೆ ಬೇರೆ ಊಟ ಶುರು ಮಾಡುವುದೂ ಆರು ತಿಂಗಳಿಗೇ. ಅಂದರೆ ತಾಯಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಡುವ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಯಾರಾದರೂ ಚಮಚ ಕೈಗೆತ್ತಿಕೊಳ್ಳಬೇಕು. ಯಾರು ಅಂತ ಕಾನೂನಿನಲ್ಲಿ ಬರೆದಿಲ್ಲ. ನಮ್ಮ ಮನೆಯಲ್ಲಿ ನಾನು ಸಿಕ್ಕಿಬಿದ್ದೆ.

ಸರಿ ಪುಡಿ ಬರುವುದು ಅರಸೀಕೆರೆಯಿಂದ, ಅಮ್ಮನ ಕೈಯಿಂದ. ಊರಿನಿಂದ ಬೆಂಗಳೂರಿಗೆ ಯಾರಾದರೂ ಬರುತ್ತಾರೆ ಅಂತ ಸುಳಿವು ಸಿಕ್ಕರೆ ಸಾಕು, ಅವರ ಕೈಗೆ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಬಂದು ಬೀಳುತ್ತದೆ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಕವರ್, ಮೇಲೆ ರಬ್ಬರ್ ಬ್ಯಾಂಡ್. ಅದರೊಳಗಿನ ಪುಡಿ ಮುಖಕ್ಕೆ ಹಾಕುವ ಪೌಡರಿನಷ್ಟು ನುಣುಪು.

ಅದನ್ನು ಮಾಡುವುದು ನಾಲ್ಕೈದು ದಿನದ ಕೆಲಸ. ರಾಗಿಯನ್ನು ತೊಳೆದು, ಕಲ್ಲು ಮಣ್ಣು ಹೋಗುವಂತೆ ಜಾಲಿಸಿ, ರಾತ್ರಿ ನೆನೆಹಾಕುತ್ತಾಳೆ. ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಾಳೆ. ಒಂದೂವರೆ ದಿನಕ್ಕೆ ಬಿಳಿ ಮೊಳಕೆ ಬಟ್ಟೆಯ ಸಂದಿಯಿಂದ ಹೊರಗೆ ಇಣುಕುತ್ತದೆ. ಅದನ್ನು ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ಉದುರಿಸಿ, ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿಯಬೇಕು. ಆಮೇಲೆ ಮಿಲ್ಲು. ಅಲ್ಲೊಂದು ದೊಡ್ಡ ಮಾತುಕತೆ ಇದೆ. ಮುಂಚೆ ಯಾರದೋ ಖಾರದ ಪುಡಿ ಬೀಸಿದ ಮಿಷನ್ನಿಗೆ ಇದನ್ನು ಹಾಕುವ ಹಾಗಿಲ್ಲ. "ಮೊಮ್ಮಗಂದು ಕಣಪ್ಪಾ, ಯಾರಾದ್ರೂ ರಾಗಿ ಬೀಸಿದ್ಮೇಲೆ ಹಾಕು" ಅಂತ ಹೇಳಿ ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂರುತ್ತಾಳೆ, ಒಂದು ಗಂಟೆಯಾದರೂ ಸರಿಯೇ. ಮನೆಗೆ ತಂದ ಮೇಲೆ ಪಾತ್ರೆಯ ಬಾಯಿಗೆ ಅಪ್ಪನ ಹಳೇ ಪಂಚೆ ಬಿಗಿದು ಕಟ್ಟಿ, ಮೇಲೆ ಹಿಟ್ಟು ಸುರಿದು ಅಂಗೈಯಿಂದ ಮೆಲ್ಲಗೆ ಆಡಿಸುತ್ತಾಳೆ. ಸಿಪ್ಪೆಯೆಲ್ಲ ಮೇಲೆ ಉಳಿಯುತ್ತದೆ. ಕೆಳಗೆ ಬಿದ್ದದ್ದು ಮಾತ್ರ ಬಾಟಲಿಗೆ.

ನನಗೆ ಮೊದಮೊದಲು ಇದೆಲ್ಲ ಅತಿ ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಮೊಳಕೆಗೆ ಒಂದು ಕಾರಣ ಇದೆ. ಕಾಳು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಈ ಹಿಟ್ಟಿನ ಸರಿ ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಮಾಮೂಲಿ ರಾಗಿ ಹಿಟ್ಟಾದರೆ ತೆಳ್ಳಗೆ ಮಾಡಲು ನೀರು ಸುರಿಯಬೇಕು, ಮಗುವಿನ ಪುಟ್ಟ ಹೊಟ್ಟೆ ಬರೀ ನೀರಿನಿಂದಲೇ ತುಂಬಿಬಿಡುತ್ತದೆ. ಮೊಳಕೆ ಹಿಟ್ಟಾದರೆ ಅದೇ ಚಮಚದಲ್ಲಿ ಜಾಸ್ತಿ ರಾಗಿ ಹೋಗುತ್ತದೆ. ಅಮ್ಮನಿಗೆ ಅಮೈಲೇಸ್ ಗೊತ್ತಿಲ್ಲ. "ಮೊಳ್ಕೆ ಬರ್ಸಿದ್ರೆ ಮಗು ನುಂಗುತ್ತೆ" ಅಷ್ಟೇ ಗೊತ್ತು.

ಒಂದು ಸಲ ನಾನೇ ಮಾಡಲು ಹೋಗಿದ್ದೆ. ಜುಲೈ ತಿಂಗಳು, ನಾಲ್ಕು ದಿನದಿಂದ ಬಿಸಿಲೇ ಇರಲಿಲ್ಲ. ಗಂಟು ಕಟ್ಟಿ ಸಿಂಕ್ ಪಕ್ಕ ಇಟ್ಟು ಎರಡು ಮೀಟಿಂಗ್ ಮುಗಿಸಿ, ಮಾರನೇ ದಿನ ಮತ್ತೆ ಮೀಟಿಂಗು, ಮೂರನೇ ದಿನ ಬಿಚ್ಚಿ ನೋಡಿದರೆ ಹುಳಿ ವಾಸನೆ, ಎಳೆದರೆ ನೂಲಿನ ಹಾಗೆ ಅಂಟು. ಹೆಂಡತಿ ದೂರದಲ್ಲೇ ನಿಂತು, "ರೀ, ಅದನ್ನ ಬಿಸಾಕಿ, ಬಟ್ಟೆ ಸಮೇತ" ಅಂದಳು. ಅವಳು ಪುತ್ತೂರು ಕಡೆಯವಳು. ಅವರಲ್ಲಿ ಈ ರಗಳೆಯೇ ಇಲ್ಲ, ನೆನೆಸಿದ ರಾಗಿಯನ್ನು ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ ಕಾಯಿಸಿ ಮಣ್ಣಿ ಮಾಡುತ್ತಾರೆ. ಸರಿ ಮೇಲೋ ಮಣ್ಣಿ ಮೇಲೋ ಅಂತ ಇಬ್ಬರು ಅಜ್ಜಿಯರ ನಡುವೆ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಒಂದು ಯುದ್ಧ ನಡೆದಿದೆ. ಅದರೊಳಗೆ ನಾನು ತಲೆ ಹಾಕುವುದಿಲ್ಲ.

ಇಷ್ಟೆಲ್ಲ ಆಗಿ ಬಂದ ಪುಡಿಯನ್ನು ಈ ಪುಣ್ಯಾತ್ಮ ಉಗುಳುತ್ತಾನೆ.

ಒಂದು ವರ್ಷದವರೆಗೆ ಚೆನ್ನಾಗಿಯೇ ತಿನ್ನುತ್ತಿದ್ದ. ಚಮಚ ಕಂಡರೆ ಸಾಕು, ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದ. ಹದಿಮೂರನೇ ತಿಂಗಳಿನಿಂದ ಬಾಯಿಗೆ ಬೀಗ. ನಾನು ಹೆದರಿದೆ. ಮೊಬೈಲಿನಲ್ಲಿ ಲೆಕ್ಕ ಬರೆಯಲು ಶುರು ಮಾಡಿದೆ, ಸೋಮವಾರ ಏಳು ಚಮಚ, ಮಂಗಳವಾರ ನಾಲ್ಕು, ಬುಧವಾರ ಉಗುಳಿದ್ದು ಕಳೆದರೆ ಎರಡು. ಅದನ್ನು ಡಾಕ್ಟರಿಗೆ ತೋರಿಸಿದೆ ಕೂಡ. ಅವರು ನನ್ನ ಲೆಕ್ಕ ನೋಡಲೇ ಇಲ್ಲ, ಬೆಳವಣಿಗೆಯ ಚಾರ್ಟ್ ತೆಗೆದು ಗೆರೆ ತೋರಿಸಿದರು. ಮೊದಲ ವರ್ಷದಲ್ಲಿ ಮಗು ಹುಟ್ಟಿದಾಗಿನ ತೂಕದ ಸುಮಾರು ಮೂರರಷ್ಟು ಆಗುತ್ತದಂತೆ. ಎರಡನೇ ವರ್ಷ ಪೂರ್ತಿ ಸೇರಿ ಏರುವುದು ಎರಡು, ಎರಡೂವರೆ ಕೆಜಿ ಅಷ್ಟೇ. ಬೆಳೆಯುವ ವೇಗ ಇಳಿದರೆ ಹಸಿವೂ ಇಳಿಯುತ್ತದೆ. "ಗೆರೆ ತನ್ನ ದಾರಿಯಲ್ಲೇ ಹೋಗ್ತಿದೆ, ನೀವ್ಯಾಕೆ ಓಡ್ತಿದೀರಾ?" ಅಂದರು. ಆಮೇಲೆ ದಿನಕ್ಕೆ ಎಷ್ಟು ಹಾಲು ಕೊಡುತ್ತೀರಿ ಅಂತ ಕೇಳಿದರು. ನಾನು ಲೆಕ್ಕ ಹಾಕಿದೆ. ಊಟ ಬಿಟ್ಟ ಅಂತ ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು ಲೋಟ, ಸಂಜೆ, ರಾತ್ರಿ... ಮುಕ್ಕಾಲು ಲೀಟರ್ ದಾಟುತ್ತಿತ್ತು. ಹಾಲಿನಲ್ಲೇ ಹೊಟ್ಟೆ ತುಂಬಿದರೆ ಅನ್ನ ಯಾಕೆ ಬೇಕು? ಮೇಲಾಗಿ ಹಾಲಿನಲ್ಲಿ ಕಬ್ಬಿಣದಂಶ ಇಲ್ಲವೇ ಇಲ್ಲ ಅನ್ನಬಹುದು, ಜಾಸ್ತಿ ಹಾಲು ಕುಡಿದು ಬೇರೇನೂ ತಿನ್ನದ ಮಕ್ಕಳಿಗೆ ರಕ್ತಹೀನತೆ ಬರುವುದು ಹೀಗೇ. ಅರ್ಧ ಲೀಟರಿನೊಳಗೆ ನಿಲ್ಲಿಸಿ ಅಂದರು. ನಿಲ್ಲಿಸಿದೆವು. ಒಂದು ವಾರ ಮನೆಯಲ್ಲಿ ಆದ ರಂಪ ಬರೆಯಲಾರೆ.

ಅವರು ಹೇಳಿದ್ದರಲ್ಲಿ ನನಗೆ ಚುಚ್ಚಿದ್ದು ಇನ್ನೊಂದು ಮಾತು. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನೋದು ನಿಮ್ಮ ಕೆಲಸ, ಎಷ್ಟು ತಿನ್ನಬೇಕು ಅನ್ನೋದು ಅವನ ಕೆಲಸ. ಕೇಳಲು ಸುಲಭ. ಮಾಡಲು ಹೋದಾಗ ಗೊತ್ತಾಗಿದ್ದು, ನನ್ನ ತಲೆಯಲ್ಲಿ ಅವನ ಹಸಿವಿಗಿಂತ ನನ್ನ ಜಿದ್ದೇ ದೊಡ್ಡದಾಗಿತ್ತು. ಬಟ್ಟಲು ಖಾಲಿಯಾದರೆ ನಾನು ಒಳ್ಳೆ ಅಪ್ಪ, ಉಳಿದರೆ ಅಲ್ಲ.

ಮೊಬೈಲ್ ವಿಷಯ ಹೇಳದಿದ್ದರೆ ಮೋಸವಾಗುತ್ತದೆ. ಎರಡು ವರ್ಷ ತುಂಬುವವರೆಗೆ ಕೂಸಿನ ಮುಂದೆ ಪರದೆ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದನ್ನು ನಾನೇ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದೆ, ಎರಡು ಕೈ ಮುಗಿಯುವ ಚಿತ್ರದ ಜೊತೆ. ಅದಾಗಿ ಆರು ತಿಂಗಳಿಗೆ ನಾನೇ ಮೊಬೈಲನ್ನು ಚಟ್ನಿಪುಡಿ ಡಬ್ಬಕ್ಕೆ ಒರಗಿಸಿ, ಯಾವುದೋ ಹಸು ಕುಣಿಯುವ ವಿಡಿಯೋ ಹಾಕಿ, ಬಾಯಿ ತೆರೆದಾಗಲೆಲ್ಲ ಚಮಚ ತುರುಕುತ್ತಿದ್ದೆ. ಕೆಲಸ ಮಾಡಿತು. ಹದಿನೆಂಟು ಚಮಚ! ಆದರೆ ಅವನಿಗೆ ತಾನು ತಿನ್ನುತ್ತಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ.

ಅದು ನಿಂತಿದ್ದು ಮಗಳಿಂದ. ಒಂದು ಸಂಜೆ ಅವಳು ಗೊಂಬೆಗೆ ಊಟ ಮಾಡಿಸುತ್ತಿದ್ದಳು. ಚನ್ನಪಟ್ಟಣದ ಮರದ ಗೊಂಬೆ, ಬಾಯಿ ಅನ್ನುವುದು ಬರೀ ಒಂದು ಕೆಂಪು ಚುಕ್ಕೆ. "ತಿನ್ನು. ಒಂದೇ ಒಂದು. ಇದು ಅಜ್ಜಿದು, ಇದು ಮಾಮಂದು. ತಿನ್ತೀಯೋ ಇಲ್ವೋ? ಗುಮ್ಮನ್ನ ಕರೀಲಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಟ್ಟುಸಿರು ಬಿಟ್ಟು, "ಸರಿ, ತಗೋ ಮೊಬೈಲು" ಅಂತ ಟಿವಿ ರಿಮೋಟನ್ನು ಗೊಂಬೆಯ ಮುಂದೆ ಒರಗಿಸಿದಳು. ನಿಟ್ಟುಸಿರೂ ನನ್ನದೇ. ಅಷ್ಟೇ ಉದ್ದ.

ನಾನು ಎದ್ದು ಹೋಗಿ ಸುಮ್ನೆ ಪಾತ್ರೆ ತೊಳೆದೆ.

ಮೊಬೈಲ್ ಕಿತ್ತುಕೊಂಡ ಮೇಲೆ ನಮ್ಮನ್ನು ಕಾಪಾಡಿದ್ದು ಜೆಸಿಬಿ. ನಿಜವಾಗಿಯೂ. ನಮ್ಮ ಬೀದಿಯನ್ನು ಯಾವುದೋ ಪೈಪಿಗೆ ಅಂತ ಅಗೆಯಲು ಶುರು ಮಾಡಿದರು. ಧೂಳು, ಗಲಾಟೆ, ಕಾರು ಹೊರಗೆ ತೆಗೆಯುವ ಹಾಗಿಲ್ಲ, ಬೀದಿಯವರೆಲ್ಲ ಬೈದಿದ್ದೇ ಬೈದಿದ್ದು. ಬೆಂಗಳೂರಿನಲ್ಲಿ ರಸ್ತೆ ಅಗೆದದ್ದಕ್ಕೆ ಖುಷಿಪಟ್ಟ ಮನುಷ್ಯ ನಾನೊಬ್ಬನೇ ಇರಬೇಕು. ಬೆಳಿಗ್ಗೆ ಎಂಟೂವರೆಗೆ ಅದು ಬಂದು ನಿಲ್ಲುತ್ತಿತ್ತು. ಎರಡು ಮಕ್ಕಳನ್ನೂ ಬಾಲ್ಕನಿಯಲ್ಲಿ ಕೂರಿಸಿ, ಮಗನ ಕೈಗೆ ಬಟ್ಟಲು ಕೊಟ್ಟುಬಿಡುತ್ತಿದ್ದೆ. ಅವನು ಕೈ ಹಾಕಿ, ಬಾಚಿ, ಅರ್ಧ ಬಾಯಿಗೆ, ಅರ್ಧ ಗ್ರಿಲ್ಲಿಗೆ. ಜೆಸಿಬಿ ಮಣ್ಣು ಬಾಚಿದಾಗ ಇವನೂ ಬಾಚುತ್ತಿದ್ದ, ಅದು ಎತ್ತಿದಾಗ ಇವನೂ ಎತ್ತುತ್ತಿದ್ದ. ಅದು ಲಾರಿಗೆ ಸುರಿದಾಗ ಇವನು ತನ್ನ ಮಡಿಲಿಗೆ ಸುರಿದುಕೊಳ್ಳುತ್ತಿದ್ದ, ಅದು ಬೇರೆ ವಿಷಯ. ಮಗಳದ್ದು ಪ್ರಶ್ನೆಗಳ ಮಳೆ. "ಅಪ್ಪಾ, ಜೆಸಿಬಿಗೆ ಹಲ್ಲಿದೆಯಲ್ಲ, ಅದು ಬ್ರಷ್ ಯಾಕೆ ಮಾಡಲ್ಲ?" ಅವಳಿಗೆ ಬ್ರಷ್ ಮಾಡಿಸಲು ನಾನು ದಿನಾ ಹತ್ತು ನಿಮಿಷ ಒದ್ದಾಡುವವನು. ಇದಕ್ಕೆ ಏನು ಉತ್ತರ ಕೊಟ್ಟರೂ ನನಗೇ ತಿರುಗಿ ಬರುತ್ತದೆ ಅಂತ ಗೊತ್ತಿದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಹದಿನೈದು ದಿನಕ್ಕೆ ಗುಂಡಿ ಮುಚ್ಚಿ ಹೊರಟುಹೋದರು. ಮಾರನೇ ದಿನ ಮಗ ಗ್ರಿಲ್ಲು ಹಿಡಿದು "ಜೇಚೀ... ಜೇಚೀ..." ಅಂತ ಕೂಗಿದ. ಬೀದಿ ಖಾಲಿ. ಆದರೆ ಕೈಯಲ್ಲಿ ಬಾಚಿ ತಿನ್ನುವ ಅಭ್ಯಾಸ ಉಳಿಯಿತು.

ಕಳೆದ ಗುರುವಾರ ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗಿದ್ದೆವು. 16ರಿಂದ 24 ತಿಂಗಳೊಳಗೆ ಡಿಪಿಟಿ ಬೂಸ್ಟರ್, ಜೊತೆಗೆ ದಡಾರ ಮತ್ತು ರುಬೆಲ್ಲಾದ ಎರಡನೇ ಡೋಸ್. ಒಂದು ತೊಡೆಗೆ, ಒಂದು ತೋಳಿಗೆ. ಎಲ್ಲ ಅಪ್ಪಂದಿರ ಹಾಗೆ ನಾನೂ ಕೊನೇ ಗಳಿಗೆಯಲ್ಲಿ ಗೋಡೆಯ ಮೇಲಿನ ಪೋಸ್ಟರ್ ಓದಲು ಶುರು ಮಾಡಿದೆ. ಅವನು ಕಿರುಚಿದ, ಅಕ್ಕ ಅವನಿಗಿಂತ ಜೋರಾಗಿ ಕಿರುಚಿದಳು. ಆಮೇಲೆ ಸಿಸ್ಟರ್ ವಿಟಮಿನ್ ಎ ಸಿರಪ್ಪನ್ನು ಪುಟ್ಟ ಪ್ಲಾಸ್ಟಿಕ್ ಚಮಚದಲ್ಲಿ ತಂದರು. ಇವನ ಬಾಯಿಗೆ ಚಮಚ ಹೋಗುತ್ತದಾ, ಅಂದುಕೊಂಡು ಕೈಕಾಲು ಹಿಡಿದುಕೊಳ್ಳಲು ನಾನು ತಯಾರಾಗಿ ನಿಂತೆ. ಅಳುತ್ತಾ ಅಳುತ್ತಾನೇ ಅಗಲವಾಗಿ ಬಾಯಿ ತೆರೆದ. ನುಂಗಿದ. ಚಮಚ ನೆಕ್ಕಿದ. ಇನ್ನೊಂದು ಬೇಕು ಅಂತ ಕೈ ಚಾಚಿದ. "ಚೆನ್ನಾಗಿ ತಿಂತಾನಲ್ಲ ಸರ್ ಮಗು" ಅಂದರು ಸಿಸ್ಟರ್.

ರಾತ್ರಿ ಜ್ವರ ಬಂತು. ಬರುತ್ತೆ ಅಂತ ಹೇಳಿಯೇ ಕಳಿಸಿದ್ದರು. ತೂಕ ನೋಡಿ ಬರೆದುಕೊಟ್ಟಷ್ಟು ಸಿರಪ್ ಹಾಕಿ, ಅವನನ್ನು ಎದೆ ಮೇಲೆ ಮಲಗಿಸಿಕೊಂಡು ನಾನು ಸೋಫಾದಲ್ಲೇ ಒರಗಿದ್ದೆ. ಮೈ ಕಾದ ಹಂಚಿನ ಹಾಗೆ. ಅವನ ಉಸಿರು ನನ್ನ ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು. ಸುಮಾರು ಮೂರು ಗಂಟೆಗೆ ಬೆವರಿದ, ಜ್ವರ ಇಳಿಯಿತು. ತಲೆ ಎತ್ತಿ ನನ್ನ ಮುಖ ನೋಡಿ, ನನ್ನ ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು, "ಮಮ್ಮು" ಅಂದ.

ಮೂರು ಗಂಟೆ ರಾತ್ರಿಯಲ್ಲಿ ಒಲೆ ಹಚ್ಚಿದೆ. ಎರಡು ಚಮಚ ಪುಡಿಯನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಕುದಿಯುವ ನೀರಿಗೆ ಹಾಕಿ ತಿರುವಿದೆ. ಬಿಡದೆ ತಿರುವಬೇಕು, ಒಂದು ಕ್ಷಣ ಬಿಟ್ಟರೆ ತಳ ಹಿಡಿಯುತ್ತದೆ. ಬಣ್ಣ ಮಣ್ಣಿನಿಂದ ಚಾಕಲೇಟಿಗೆ ತಿರುಗಿ ಹೊಳಪು ಬಂದ ಮೇಲೆ ಇಳಿಸಿ, ಅರ್ಧ ಚಮಚ ತುಪ್ಪ ಬಿಟ್ಟೆ. ಅವನು ಸೊಂಟದ ಮೇಲೆ ಕೂತು ಎಲ್ಲ ನೋಡುತ್ತಿದ್ದ. ಎಷ್ಟು ತಿಂದ ಅಂತ ಎಣಿಸಲಿಲ್ಲ. ಉಳಿದದ್ದನ್ನು ನಾನೇ ತಿಂದೆ, ಸಿಂಕಿನ ಮುಂದೆ ನಿಂತುಕೊಂಡು, ದಿನಾ ತಿನ್ನುವ ಹಾಗೆ.

ಭಾನುವಾರ ಅಮ್ಮ ವಿಡಿಯೋ ಕಾಲ್ ಮಾಡಿದಳು.

"ಲೋ, ಪುಡಿ ಖಾಲಿ ಆಯ್ತೇನೋ?"

"ಆಯ್ತಮ್ಮಾ, ನಿನ್ನೆನೇ."

"ಇಷ್ಟು ಬೇಗ! ಹಾಗಾದ್ರೆ ಚೆನ್ನಾಗಿ ತಿಂತಿದಾನೆ ನನ್ ಬಂಗಾರ."

ನಾನು ಹೂಂ ಅಂದೆ. ಅವಳು ಕನ್ನಡಕ ಮೂಗಿನ ಮೇಲೆ ಸರಿಸಿಕೊಂಡು ಫೋನಿಗೆ ಮುಖ ಹತ್ತಿರ ತಂದು ನೋಡಿದಳು. ಮೊಮ್ಮಗನನ್ನಲ್ಲ, ನನ್ನನ್ನು.

"ನೀನ್ಯಾಕೋ ಇಷ್ಟು ದಪ್ಪ ಆಗಿದೀಯಾ?"