ಗ್ಲಾಸ್ಗೋದ ಒಂದು ಪದ, ರಾಯಚೂರಿನಿಂದ ಒಂದು ಫೋನ್

2021ರ ನವೆಂಬರ್ 13, ಶನಿವಾರ ರಾತ್ರಿ ಪಾಳಿ. ವಿದೇಶ ಸುದ್ದಿ ನನ್ನ ಪಾಲಿಗಿತ್ತು. ಗ್ಲಾಸ್ಗೋದ ಹವಾಮಾನ ಸಮ್ಮೇಳನ ಶುಕ್ರವಾರವೇ ಮುಗಿಯಬೇಕಿತ್ತು, ಇನ್ನೂ ಎಳೆಯುತ್ತಿತ್ತು. ಒಪ್ಪಂದದ ಕರಡಿನಲ್ಲಿ ಕಲ್ಲಿದ್ದಲು ವಿದ್ಯುತ್ತನ್ನು 'ಫೇಸ್ ಔಟ್' ಮಾಡುವ, ಅಂದರೆ ಹಂತ ಹಂತವಾಗಿ ನಿಲ್ಲಿಸುವ ಮಾತಿತ್ತು. ಜಿಲ್ಲಾ ಆವೃತ್ತಿಯ ಪುಟ ಹನ್ನೊಂದಕ್ಕೆ ಹೋಗಬೇಕು. ನಾನು ಹೆಡ್ಡಿಂಗ್ ಕೊಟ್ಟೆ: 'ಕಲ್ಲಿದ್ದಲು ವಿದ್ಯುತ್ ನಿಲ್ಲಿಸಲು ಒಪ್ಪಿಗೆ'.

ಒಪ್ಪಿಗೆ ಇನ್ನೂ ಆಗಿರಲಿಲ್ಲ.

ನಮ್ಮಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಭಾರತದ ಪರಿಸರ ಸಚಿವ ಭೂಪೇಂದರ್ ಯಾದವ್ ಎದ್ದು, 'ಫೇಸ್ ಔಟ್' ಬದಲು 'ಫೇಸ್ ಡೌನ್' ಇರಲಿ ಅಂದರು. ನಿಲ್ಲಿಸುವುದಲ್ಲ, ಕಡಿಮೆ ಮಾಡುತ್ತಾ ಹೋಗುವುದು. ಸ್ವಿಟ್ಜರ್ಲೆಂಡ್, ಮಾರ್ಷಲ್ ದ್ವೀಪಗಳು ಬೇಸರ ಹೇಳಿಕೊಂಡೇ ಒಪ್ಪಿದವು. ಸಮ್ಮೇಳನದ ಅಧ್ಯಕ್ಷ ಅಲೋಕ್ ಶರ್ಮಾ ಕ್ಷಮೆ ಕೇಳುವಾಗ ಅವರ ಗಂಟಲು ಕಟ್ಟಿತು. ಬೆಂಗಳೂರಿನ ಆವೃತ್ತಿಯನ್ನು ಸರಿ ಮಾಡಿದೆವು. ಜಿಲ್ಲೆಗಳ ಪೇಪರ್ ಅಷ್ಟರಲ್ಲಿ ವ್ಯಾನ್ ಹತ್ತಿತ್ತು.

ಮರುದಿನ ರಾಯಚೂರಿನಿಂದ ಫೋನ್ ಬಂತು. ಶಕ್ತಿನಗರದ ಥರ್ಮಲ್ ಪ್ಲಾಂಟಿನಲ್ಲಿ ಗುತ್ತಿಗೆ ಕೆಲಸದಲ್ಲಿದ್ದವರು. "ಸರ್, ನಮ್ಮ ಪ್ಲಾಂಟ್ ಬಂದ್ ಮಾಡ್ತಾರಂತಲ್ರೀ, ಖರೇ ಏನ್ರೀ?" ಮಗಳ ಫೀಸು ಕಟ್ಟಬೇಕಿತ್ತಂತೆ. ಇಲ್ಲ, ತಪ್ಪು ನನ್ನದು ಅಂದೆ. ಅವರು ಬೈಯಲಿಲ್ಲ. "ಹಂಗಾರ ಛಲೋ ಆತ್ರೀ" ಅಂದು ಇಟ್ಟುಬಿಟ್ಟರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ಕಲ್ಲಿದ್ದಲಿನ ಆ ವಾಕ್ಯವನ್ನು ಕೂತು ಓದಿದೆ. ನನ್ನ ಹೆಡ್ಡಿಂಗ್‌ನಲ್ಲಿ ತಪ್ಪಿದ್ದಿದ್ದು 'ನಿಲ್ಲಿಸಲು' ಅನ್ನೋದೊಂದೇ ಅಲ್ಲ. ಕರಡಿನಲ್ಲೂ ಇದ್ದಿದ್ದು ಆ ದಿಕ್ಕಿನ 'ಪ್ರಯತ್ನಗಳನ್ನು ಚುರುಕುಗೊಳಿಸುವ' ಮಾತು. ಅದೂ ಎಲ್ಲಾ ಸ್ಥಾವರಗಳಿಗಲ್ಲ, ಇಂಗಾಲವನ್ನು ಹಿಡಿದಿಡುವ ವ್ಯವಸ್ಥೆ ಇಲ್ಲದವಕ್ಕೆ. ಹೆಡ್ಡಿಂಗ್‌ನಲ್ಲಿ ಜಾಗ ಸಾಲದು ಅಂತ ನಾನು ಅದನ್ನೆಲ್ಲ ಕತ್ತರಿಸಿದ್ದೆ. ಮಾತುಕತೆಯ ಮೇಜಿನಲ್ಲಿ ಹದಿನೈದು ದಿನ ಜಗಳ ನಡೆದಿದ್ದು ಇಂಥ ಪದಗಳಿಗೇ ಅಲ್ವಾ?

2015ರ ಪ್ಯಾರಿಸ್ ಹವಾಮಾನ ಒಪ್ಪಂದದಲ್ಲೂ ಹೀಗೇ ಆಗಿತ್ತು. 4ನೇ ವಿಧಿಯಲ್ಲಿ ಮುಂದುವರಿದ ದೇಶಗಳ ಬಗ್ಗೆ 'ಶಲ್', ಅಂದರೆ ಮಾಡಲೇಬೇಕು ಅಂತಿತ್ತು. ಅಮೆರಿಕ ಒಪ್ಪಲಿಲ್ಲ. ಕೊನೇ ಗಳಿಗೆಯಲ್ಲಿ ಅದನ್ನು 'ಶುಡ್' ಮಾಡಿ, ತಾಂತ್ರಿಕ ತಿದ್ದುಪಡಿ ಅಂತ ಓದಿಬಿಟ್ಟರು. ಕನ್ನಡದಲ್ಲಿ ನಾವು ಎರಡಕ್ಕೂ ಸುಮ್ನೆ 'ಬೇಕು' ಹಾಕುತ್ತೇವೆ. ನಮ್ಮ ಕಾಯ್ದೆಗಳ ಕನ್ನಡದಲ್ಲಿ ಮೊದಲನೆಯದಕ್ಕೆ 'ತಕ್ಕದ್ದು' ಇದೆ. ಓದಲು ಒರಟು, ಆದರೆ ತಪ್ಪಿಸಿಕೊಳ್ಳಲು ದಾರಿ ಬಿಡದ ಪದ. ಸುದ್ದಿಯಲ್ಲಿ ನಾನು 'ಕಡ್ಡಾಯ' ಅಂತ ಬರೆಯುತ್ತೇನೆ. 'ಶುಡ್' ಬಂದರೆ 'ಮಾಡುವುದು ಒಳ್ಳೆಯದು' ಅನ್ನುವ ಹತ್ತಿರಕ್ಕೆ ತರುತ್ತೇನೆ.

2022ರಲ್ಲಿ ಶ್ರೀಲಂಕಾ ಹೊತ್ತಿ ಉರಿಯಿತು. ಅಧ್ಯಕ್ಷ ಗೊಟಬಯ ರಾಜಪಕ್ಸ ಜುಲೈ 13ಕ್ಕೆ ರಾಜೀನಾಮೆ ಕೊಡುತ್ತಾರೆ ಅಂತ ಅಲ್ಲಿನ ಸಂಸತ್ತಿನ ಸ್ಪೀಕರ್ ಮೊದಲೇ ಹೇಳಿದ್ದರು. 13ರ ಬೆಳಗಿನ ಜಾವ ಗೊಟಬಯ ಮಾಲ್ಡೀವ್ಸ್‌ಗೆ ಹಾರಿದರು. ರಾತ್ರಿ ಡೆಸ್ಕ್‌ನಲ್ಲಿ ಹೊಸ ಹುಡುಗ 'ಗೊಟಬಯ ರಾಜೀನಾಮೆ' ಅಂತ ಟೈಪ್ ಮಾಡಿದ್ದ. "ಪತ್ರ ಬಂತಾ?" ಅಂದೆ. "ಕೊಟ್ಟೇ ಕೊಡ್ತಾರಲ್ಲ ಸರ್, ದೇಶಾನೇ ಬಿಟ್ಟಿದ್ದಾರೆ." ಅವನಿಗೆ ರಾಯಚೂರಿನ ಫೋನ್ ಕಥೆ ಹೇಳಿದೆ. 'ದೇಶ ಬಿಟ್ಟ ಗೊಟಬಯ' ಅಂತ ಬದಲಿಸಿ ಪುಟ ಬಿಟ್ಟೆವು.

ಆ ದಿನ ಪತ್ರ ಬರಲಿಲ್ಲ. ಮರುದಿನ ಸಿಂಗಪುರದಿಂದ ಇಮೇಲ್‌ನಲ್ಲಿ ಬಂತು. ಅದು ಕಾನೂನು ಪ್ರಕಾರ ಸರಿ ಇದೆಯೇ ಅಂತ ನೋಡಲು ಸ್ಪೀಕರ್ ಇನ್ನೊಂದು ರಾತ್ರಿ ತೆಗೆದುಕೊಂಡರು. 15ರಂದು ಅವರು ಅಂಗೀಕಾರ ಪ್ರಕಟಿಸಿದ ಮೇಲೆ, 'ರಾಜೀನಾಮೆ ಅಂಗೀಕಾರ' ಅನ್ನುವ ಎರಡು ಪದವನ್ನು ಆ ಹುಡುಗನ ಕೈಯಲ್ಲೇ ಹಾಕಿಸಿದೆ.