ಧನುಷ್ಕೋಡಿ ಸ್ಟೇಷನ್ ಮಾಡೆಲ್: ಮರಳು ಕೊನೆಗೂ ಕೂತಿತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಮರಳು ಕೂತಿತು. ಮೂರು ತಿಂಗಳಿಂದ ಇದೊಂದರಲ್ಲೇ ಸಿಕ್ಕಿಕೊಂಡಿದ್ದೆ. ಹಳಿ, ಪ್ಲಾಟ್‌ಫಾರಂ, ಮುರಿದ ಗೋಡೆ ಎಲ್ಲ ಯುಗಾದಿಗೇ ಮುಗಿದಿತ್ತು. 1:87 ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 12 ಮಿ.ಮೀ. ಮೀಟರ್ ಗೇಜ್‌ಗೆ (ಒಂದು ಮೀಟರ್ ಅಗಲದ ಹಳಿ) ಲೆಕ್ಕದಲ್ಲಿ 11.5 ಬರಬೇಕು, ಆದರೆ ಅರ್ಧ ಮಿ.ಮೀ. ಕಣ್ಣಿಗೆ ಗೊತ್ತಾಗುವುದಿಲ್ಲ.

ಮರಳಿನ ಮೇಲೆ ಇಷ್ಟು ಹಟ ಯಾಕೆ ಅಂದರೆ, ಮೊದಲು ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಡಿಗೆ ಹೋಗುವುದೇ ಮುಖ್ಯ ಲೈನ್ ಆಗಿತ್ತು. 1914ರಲ್ಲಿ ಸಮುದ್ರದ ಮೇಲಿನ ಪಾಂಬನ್ ಸೇತುವೆ ಶುರುವಾದ ಮೇಲೆ ರೈಲು ಅಲ್ಲಿಯವರೆಗೂ ಹೋಗುತ್ತಿತ್ತು. ಅಲ್ಲಿಂದ ಸಿಲೋನಿನ ತಲೈಮನ್ನಾರ್‌ಗೆ ಹಡಗು. ರಾಮೇಶ್ವರ ಪಾಂಬನ್‌ನಿಂದ ಒಡೆದ ಕವಲು ಅಷ್ಟೇ. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಹೊರಟಿದ್ದ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರ ಸಮೇತ ಅಲೆಯಲ್ಲಿ ಹೋಯಿತು. ಸೇತುವೆಯನ್ನು 46 ದಿನದಲ್ಲಿ ರಿಪೇರಿ ಮಾಡಿದರು. ಧನುಷ್ಕೋಡಿ ಸ್ಟೇಷನ್ನನ್ನು ಮತ್ತೆ ಕಟ್ಟಲಿಲ್ಲ. ಕವಲಾಗಿದ್ದ ರಾಮೇಶ್ವರವೇ ಕೊನೆಯ ಸ್ಟೇಷನ್ ಆಯಿತು, ಹಡಗೂ ಅಲ್ಲಿಗೇ ಬಂತು. ಧನುಷ್ಕೋಡಿಯಲ್ಲಿ ಉಳಿದದ್ದು ಗೋಡೆ ಮತ್ತು ಮರಳು. ಮರಳು ಸುಳ್ಳಾದರೆ ಮಾಡೆಲ್ ಪೂರ್ತಿ ಸುಳ್ಳು.

ಮೊದಲು ಹರಿಹರದಿಂದ ಹೊಳೆ ಮರಳು ತಂದು ಹಿಟ್ಟಿನ ಜರಡಿಯಲ್ಲಿ ಸೋಸಿ ಹಾಕಿದೆ. ಜಲ್ಲಿ ಸುರಿದ ಹಾಗೆ ಕಂಡಿತು. ಕಾಣಲೇಬೇಕಲ್ವಾ? ಅರ್ಧ ಮಿ.ಮೀ. ಕಾಳು 87 ಪಟ್ಟು ಆದರೆ 43 ಮಿ.ಮೀ.! ಆಮೇಲೆ ಆನ್‌ಲೈನ್‌ನಲ್ಲಿ ‘ಬೀಚ್ ಪೌಡರ್’ ತರಿಸಿದೆ. ಮೂರು ವಾರ ಕಾಯಿಸಿ ಅರಿಶಿನದಂಥ ಪುಡಿ ಕಳಿಸಿದರು. ಫೋನ್ ಮಾಡಿದರೆ “ಫೋಟೋದಲ್ಲಿ ಬೇರೆ ಥರ ಕಾಣುತ್ತೆ ಸರ್” ಅಂದರು. ದುಡ್ಡು ವಾಪಸ್ ಇಲ್ಲ.

ಮೂರನೆಯದು ರಂಗೋಲಿ ಪುಡಿ. ಹಳೆ ಪಂಚೆಯಲ್ಲಿ ಎರಡು ಸಲ ಸೋಸಿದೆ. ಕಾಳು ಸರಿ, ಬಣ್ಣ ತೀರಾ ಬಿಳಿ. ಹೊಳೆ ಮರಳಿನ ಸಣ್ಣ ದೂಳು ಬೆರೆಸಿದ ಮೇಲೆ ಅದೂ ಸರಿಹೋಯಿತು. ತೊಂದರೆ ಅಂಟಿನದು. ತೆಳು ಮಾಡಿದ ಫೆವಿಕಾಲ್ ಹನಿ ಬಿದ್ದಲ್ಲೆಲ್ಲ ಗುಳಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಸೇರಿಸಿದರೆ ಗುಳಿ ನಿಂತಿತು, ಆದರೆ ಒಣಗಿದ ಮೇಲೆ ಹಸಿ ಮಣ್ಣಿನ ಹಾಗೆ ಕಪ್ಪಗಾಯಿತು. ನಾಲ್ಕು ಸಲ ಕೆರೆದು ತೆಗೆದೆ.

ನೋಡುತ್ತಾ ಕೂತಿದ್ದ ಅಮ್ಮ ಹೇಳಿದರು: “ಮೇಲಿಂದ ಯಾಕೋ ಅಂಟು ಹಾಕ್ತಿ? ನೆಲ ಹಸಿ ಇದ್ದಾಗ ಉದುರಿಸು, ಹಿಡ್ಕೊಂತೈತಿ.”

ಸಾರಿಸಿದ ಅಂಗಳದ ರಂಗೋಲಿ! ಮರಳು ಬಣ್ಣದ ಅಕ್ರಿಲಿಕ್ ಪೇಂಟ್ ದಪ್ಪಗೆ ಬಳಿದು, ಹಸಿ ಇರುವಾಗಲೇ ಟೀ ಜರಡಿಯಿಂದ ಪುಡಿ ಉದುರಿಸಿದೆ. ಒಣಗಿದ ಮೇಲೆ ಬೋರ್ಡ್ ಓರೆ ಮಾಡಿ ತಟ್ಟಿದೆ. ಉಳಿದದ್ದು ಒಂದೇ ಪದರ, ಹೊಳಪಿಲ್ಲ, ಕಪ್ಪಿಲ್ಲ. ಗೋಡೆ ಬುಡದ ದಿಬ್ಬಕ್ಕೆ ಇದನ್ನೇ ಮೂರು ಸಲ ಮಾಡಿದೆ. ದೀಪ ಪಕ್ಕದಿಂದ ಬಿಟ್ಟಾಗ ನೆರಳು ಬಿತ್ತು ನೋಡಿ, ಸುಮ್ನೆ ಕೂತುಬಿಟ್ಟೆ.

ಇನ್ನು ಬಾಕಿ ಇರುವುದು ಗೋಡೆಯ ಉಪ್ಪಿನ ಕಲೆ. ಅಷ್ಟರಲ್ಲಿ ಮನಸ್ಸು ಚಿಕ್ಕಜಾಜೂರಿಗೆ ಓಡಿದೆ. ನಮ್ಮ ಬೆಂಗಳೂರು-ಹುಬ್ಬಳ್ಳಿ ಲೈನಿನಿಂದ ಚಿತ್ರದುರ್ಗದ ಕವಲು ಒಡೆಯುವ ಜಾಗ, ಈಗಿನ ಬ್ರಾಡ್ ಗೇಜ್‌ನಲ್ಲೇ (ಇನ್ನೂ ಅಗಲದ ಹಳಿ) ಮಾಡಬೇಕು. 1:87ರಲ್ಲಿ ಅದು 19.3 ಮಿ.ಮೀ. ಅಂಗಡಿಯಲ್ಲಿ ಸಿಗುವ ಹಳಿ 16.5. ಹಾಗಾಗಿ ಹಳಿ ನಾನೇ ಕೂರಿಸಬೇಕು. ಜಲ್ಲಿಯ ಚಿಂತೆ ಇಲ್ಲ. ಜರಡಿಯಲ್ಲಿ ಉಳಿದ ದಪ್ಪ ಕಾಳನ್ನೆಲ್ಲ ಡಬ್ಬಿಗೆ ತುಂಬಿ, ಮೇಲೆ ‘ಚಿಕ್ಕಜಾಜೂರು’ ಅಂತ ಬರೆದಿಟ್ಟಿದ್ದೇನೆ.