ರಷ್ಯನ್ ನುಡಿಗಳ ಕಾರ್ಡುಗಳು: ಈ ತಿಂಗಳ ಕೆಲಸ

ಮಾನ, ದುಡಿಮೆ, ಧೈರ್ಯ ಅಂತ ಒಂದೊಂದು ಮೌಲ್ಯಕ್ಕೆ ಒಂದೊಂದು ಕಟ್ಟು ಮಾಡಿ, ರಷ್ಯನ್ ಗಾದೆಗಳನ್ನೂ ಸಾಹಿತ್ಯದ ಸಾಲುಗಳನ್ನೂ ಕಾರ್ಡಿನ ಮೇಲೆ ಬರೆದಿಡುತ್ತಿದ್ದೇನೆ. ಈ ತಿಂಗಳು ಹೊಸದೊಂದು ಸೇರಿಸಿದೆ. ಆ ಮಾತನ್ನು ಯಾರು ಯಾರಿಗೆ ಹೇಳಿದರು, ಅದರ ಹಿಂದೆ ಮುಂದೆ ಏನಿದೆ ಅನ್ನೋದು ಈಗ ಕಾರ್ಡಿನ ಹಿಂಬದಿಯಲ್ಲಿರುತ್ತದೆ.

ಜಾಸ್ತಿ ಬದಲಾಗಿದ್ದು ಚೆಕಾವ್ ಕಾರ್ಡು. ‘ಮನುಷ್ಯನಲ್ಲಿ ಎಲ್ಲವೂ ಚೆನ್ನಾಗಿರಬೇಕು: ಮುಖ, ಬಟ್ಟೆ, ಆತ್ಮ, ಯೋಚನೆ.’ ಬಿಡಿಯಾಗಿ ಓದಿದರೆ ಶಾಲೆಯ ಗೋಡೆಗೆ ಒಪ್ಪುವ ಮಾತು. ‘ಅಂಕಲ್ ವಾನ್ಯಾ’ ನಾಟಕದಲ್ಲಿ ಇದನ್ನು ಡಾಕ್ಟರ್ ಆಸ್ತ್ರೊವ್ ಸೋನ್ಯಾಗೆ ಹೇಳುತ್ತಾನೆ. ಮಾತು ಅವಳ ಮಲತಾಯಿ ಯೆಲೆನಾ ಬಗ್ಗೆ. ಅವಳು ಚೆಲುವೆ, ಎರಡು ಮಾತಿಲ್ಲ. ಆದರೆ ತಿನ್ನುತ್ತಾಳೆ, ಮಲಗುತ್ತಾಳೆ, ಓಡಾಡುತ್ತಾಳೆ, ನಮ್ಮನ್ನೆಲ್ಲ ಮರುಳು ಮಾಡುತ್ತಾಳೆ, ಅಷ್ಟೇ. ದುಡಿಯೋರು ಬೇರೆಯವರು. ಸೋಮಾರಿ ಬದುಕು ಶುದ್ಧವಾಗಿರಲು ಸಾಧ್ಯವಿಲ್ಲ ಅನ್ನುತ್ತಾನೆ. ಮುಂದಿನ ಅಂಕದ ಹೊತ್ತಿಗೆ ಅವನೇ ತಾನು ನೆಟ್ಟು ನೋಡಿಕೊಳ್ಳುವ ಕಾಡನ್ನೂ ರೋಗಿಗಳನ್ನೂ ಬಿಟ್ಟು ದಿನಾ ಆ ಮನೆಗೆ ಬರುತ್ತಿರುತ್ತಾನೆ! ಕಾರ್ಡು ಈಗ ದುಡಿಮೆಯ ಕಟ್ಟಿನಲ್ಲಿದೆ.

ಮಾನದ ಕಟ್ಟಿನಲ್ಲಿ ಮೊದಲನೆಯದು ‘ಬೆರೆಗೀ ಚೆಸ್ತ್ ಸ್ಮೋಲದು’, ಮಾನವನ್ನು ಎಳೆ ವಯಸ್ಸಿನಿಂದಲೇ ಕಾಪಾಡಿಕೋ. ಪುಷ್ಕಿನ್ 1836ರಲ್ಲಿ ‘ಕ್ಯಾಪ್ಟನ್‌ನ ಮಗಳು’ ಕಾದಂಬರಿಯ ಮೊದಲಿಗೆ ಹಾಕಿದ್ದು ಗಾದೆಯ ಅರ್ಧ ಮಾತ್ರ. ಪೂರ್ತಿ ಗಾದೆ ಸಿಗೋದು ಮಗ ಗ್ರಿನ್ಯೋವ್‌ನನ್ನು ಸೈನ್ಯಕ್ಕೆ ಕಳಿಸುವ ಅಪ್ಪನ ಬಾಯಲ್ಲಿ: ಬಟ್ಟೆಯನ್ನು ಹೊಸದರಲ್ಲೇ ಜೋಪಾನ ಮಾಡು, ಮಾನವನ್ನು ಎಳೆ ವಯಸ್ಸಿನಲ್ಲೇ. ಈ ಗಾದೆಗೆ ಬೆಲೆ ಕಟ್ಟುವುದು ಬಂಡಾಯಗಾರ ಪುಗಚೋವ್. ಗಲ್ಲಿನಿಂದ ಉಳಿಸಿದ ಹುಡುಗನನ್ನು ಕೂರಿಸಿಕೊಂಡು, ನನ್ನ ಕಡೆ ಸೇರ್ತೀಯಾ ಅಂತ ಕೇಳುತ್ತಾನೆ. ಇಲ್ಲ. ಹೋಗಲಿ, ನನ್ನ ಮೇಲೆ ಯುದ್ಧಕ್ಕೆ ಬರಲ್ಲ ಅಂತ ಮಾತು ಕೊಡ್ತೀಯಾ? ಅದನ್ನೂ ಕೊಡಲಾರೆ, ನನ್ನ ತಲೆ ನಿನ್ನ ಕೈಯಲ್ಲಿದೆ, ನಿಜ ಹೇಳಿದ್ದೇನೆ ಅನ್ನುತ್ತಾನೆ ಗ್ರಿನ್ಯೋವ್. ಆ ನಿಜಕ್ಕೇ ಮನಸೋತು ಪುಗಚೋವ್ ಬಿಟ್ಟುಬಿಡುತ್ತಾನೆ. ಇದನ್ನು ಬರೆಯಲು ಒಂದು ಕಾರ್ಡು ಸಾಲಲಿಲ್ಲ.

ಪಕ್ಕದಲ್ಲೇ ಗ್ರಿಬೊಯೆದೊವ್ ನಾಟಕದ ಯುವಕ ಚಾತ್ಸ್ಕಿಯ ಮಾತು: ಸೇವೆ ಮಾಡಲು ಸಿದ್ಧ, ಬಾಲ ಅಲ್ಲಾಡಿಸೋಕೆ ಹೇಸಿಗೆ. ಅದಕ್ಕೆ ಹಿರಿಯ ಅಧಿಕಾರಿ ಫಾಮುಸೊವ್ ಕೊಡುವ ಉತ್ತರ ಓದಲೇಬೇಕು. ಅವನ ಚಿಕ್ಕಪ್ಪ ಅರಮನೆಯಲ್ಲಿ ಎಡವಿ ಬಿದ್ದನಂತೆ. ಮಹಾರಾಣಿ ನಕ್ಕಳು. ಅಷ್ಟಕ್ಕೇ ಬೇಕೆಂದೇ ಇನ್ನೊಂದು ಸಲ, ಮತ್ತೊಂದು ಸಲ ಬಿದ್ದ. ಇದನ್ನು ಫಾಮುಸೊವ್ ಹೆಮ್ಮೆಯಿಂದ ಹೇಳುತ್ತಾನೆ!

ಮುಂದಿನದು ಕ್ರಿಲೋವ್ ನೀತಿಕಥೆಗಳು. ಅಡುಗೆಯವನು ಬುದ್ಧಿ ಹೇಳುತ್ತಲೇ ಇರುವಾಗ ಕೋಳಿ ತಿಂದು ಮುಗಿಸುವ ವಾಸ್ಕಾ ಬೆಕ್ಕಿನಿಂದ ಶುರು ಮಾಡುತ್ತೇನೆ.